ಸೊಪ್ಪಕ್ಕ ಮತ್ತು ಗಡ್ಡೆ ತಂಗಿ

ಭೂಮಿ ಇನ್ನೂ ಹೊಸದಾಗಿದ್ದ ಕಾಲ ಕಣೇ ಚಾರು. ಬೆಟ್ಟಗಳು ಆಗಷ್ಟೇ ಬಂದು ಕೂತಿದ್ದವು. ಹೊಳೆಗೆ ತನ್ನ ದಾರಿ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕ ಕಡೆ ನುಗ್ಗುತ್ತಿತ್ತು. ಗಾಳಿ, ನೀರು, ಗಿಡ, ಮನುಷ್ಯರು ಎಲ್ಲರೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತಿದ್ದರು.

ಫ್ರಿಜ್ಜಾ? ಅಯ್ಯೋ, ಆಗ ಫ್ರಿಜ್ ಎಲ್ಲಿಂದ ಬರಬೇಕು! ಮಧ್ಯೆ ಬಾಯಿ ಹಾಕಬೇಡ. ಆ ಕ್ಯಾರೆಟ್ ಕಟ್ಟು ಬಿಚ್ಚಿಕೊಂಡು, ಅಜ್ಜಿ ಹೇಳೋದು ಕೇಳು.

ಆಗ ಒಂದೊಂದು ಕ್ಯಾರೆಟ್ ಗಿಡದಲ್ಲೂ ಅಕ್ಕ ತಂಗಿ ಇಬ್ಬರು ಇರುತ್ತಿದ್ದರು. ಮಣ್ಣಿನ ಮೇಲೆ ಸೊಪ್ಪಕ್ಕ. ಮಣ್ಣಿನ ಒಳಗೆ ಗಡ್ಡೆ ತಂಗಿ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಆದರೂ ಒಬ್ಬರನ್ನು ಬಿಟ್ಟು ಒಬ್ಬರಿಲ್ಲ.

ಬೆಳಗಾದರೆ ಸೊಪ್ಪಕ್ಕ ಮೇಲಿನಿಂದ ಕೂಗುವಳು, "ಬಿಸಿಲು ಬಂತು, ತಗೋ ತಂಗಿ!"

ತಂಗಿ ಕೆಳಗಿನಿಂದ ಕೂಗುವಳು, "ನೀರು ಬಂತು, ತಗೋ ಅಕ್ಕ!"

ಅಕ್ಕ ಕೊಟ್ಟ ಬಿಸಿಲನ್ನೆಲ್ಲ ತಂಗಿ ಸಿಹಿ ಮಾಡಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುವಳು. ತಂಗಿ ಕೊಟ್ಟ ನೀರು ಕುಡಿದು ಅಕ್ಕ ಹಸಿರಾಗಿ ಕುಣಿಯುವಳು. ಇಬ್ಬರಿಗೂ "ಇಲ್ಲ" ಅನ್ನೋದೇ ಬರುತ್ತಿರಲಿಲ್ಲ.

ಆ ಹೊಲ ಮಾಳಕ್ಕನದು. ಹೊಲ ಹೊಳೆಯ ಆಚೆ ದಡದಲ್ಲಿ, ಗುಡಿಸಲು ಈಚೆ ದಡದಲ್ಲಿ. ಗುಡಿಸಲಿನಲ್ಲಿ ಮಾಳಕ್ಕ, ಅವಳ ಐದು ವರ್ಷದ ಮಗಳು ನಿಂಗಿ, ಇಬ್ಬರೇ.

ಆಷಾಢ ಬಂತು. ದೂರದ ಬೆಟ್ಟದಲ್ಲಿ ಮಳೆ ಹೊಯ್ದು ಹೊಳೆ ಏರತೊಡಗಿತು. ಹೊಳೆ ತುಂಬಿದರೆ ಒಂದು ತಿಂಗಳು ಆಚೆ ದಡಕ್ಕೆ ಕಾಲಿಡುವ ಹಾಗಿಲ್ಲ. ಮಾಳಕ್ಕ ಎದ್ದೆನೋ ಬಿದ್ದೆನೋ ಅಂತ ಓಡಿ, ಹೊಲದಲ್ಲಿದ್ದ ಕ್ಯಾರೆಟ್ಟನ್ನೆಲ್ಲ ಕಿತ್ತು, ತಲೆ ಮೇಲೆ ಹೊತ್ತು ತಂದಳು. ಮನೆಯಲ್ಲಿ ಎರಡು ದಿನಕ್ಕಾಗುವ ಹಿಟ್ಟು ಬಿಟ್ಟರೆ ಬೇರೆ ಒಂದು ಕಾಳೂ ಇರಲಿಲ್ಲ. ತಾಯಿ ಮಗಳಿಗೆ ಇಡೀ ತಿಂಗಳ ಊಟ ಅಂದರೆ ಆ ಕ್ಯಾರೆಟ್ಟೊಂದೇ.

ಕಿತ್ತದ್ದನ್ನು ಕೂಡಿಡೋದು ಆಗ ಯಾರಿಗೂ ಗೊತ್ತಿರಲಿಲ್ಲ ನೋಡು. "ಪಾಪ, ಇಷ್ಟು ದಿನ ಕತ್ತಲಲ್ಲಿ ಇದ್ದವು. ಚೆನ್ನಾಗಿ ಗಾಳಿಯಾಡಲಿ" ಅಂತ ಮಾಳಕ್ಕ ಅವನ್ನು ಸೊಪ್ಪಿನ ಸಮೇತ ಕಿಟಕಿಯ ಪಕ್ಕ ಸಾಲಾಗಿ ನೇತುಹಾಕಿದಳು. ಹೋದ ವಾರ ನೀನೂ ಸೊಪ್ಪು ಚೆಂದ ಇದೆ ಅಂತ ಹಾಗೇ ಇಟ್ಟೆಯಲ್ಲ, ಅದೇ ಬುದ್ಧಿ! ನಗಬೇಡ, ಮುಂದೆ ಕೇಳು.

ಅಕ್ಕ ತಂಗಿ ಮೊದಲ ಸಲ ಮುಖ ಮುಖ ನೋಡಿಕೊಂಡರು. "ಎಷ್ಟು ಕೆಂಪಗಿದ್ದೀಯೇ!" ಅಂದಳು ಅಕ್ಕ. "ನಿನ್ನ ಬಿಸಿಲೇ ಅಲ್ವೇನೇ ಅಕ್ಕ" ಅಂದಳು ತಂಗಿ.

ಅಷ್ಟರಲ್ಲಿ ಆಷಾಢದ ಗಾಳಿ ಕಿಟಕಿಯಿಂದ ಒಳಗೆ ನುಗ್ಗಿದ. ಅವನಿಗೆ ಯಾವಾಗ ನೋಡಿದರೂ ಬಾಯಾರಿಕೆ. "ಸೊಪ್ಪಕ್ಕ, ಒಂದು ಗುಟುಕು ನೀರು ಕೊಡೇ" ಅಂದ.

ಇಲ್ಲ ಅನ್ನೋಕೆ ಬಾರದ ಅಕ್ಕ ತಂಗಿಯನ್ನು ಕೇಳಿದಳು. "ನೀರು ಬಂತು, ತಗೋ ಅಕ್ಕ!" ಅಂದಳು ತಂಗಿ. ಮಣ್ಣು ಬಿಟ್ಟು ಬಂದ ಮೇಲೆ ನೀರು ಎಲ್ಲಿಂದ ಬರಬೇಕು ಹೇಳು? ತಂಗಿ ತನ್ನ ಹೊಟ್ಟೆಯ ನೀರನ್ನೇ ಕೊಟ್ಟಳು.

ಮಾರನೆಯ ದಿನವೂ ಗಾಳಿ ಬಂದ. ಅಕ್ಕ ಕೇಳಿದಳು. ತಂಗಿ ಕೊಟ್ಟಳು. ಮಾಳಕ್ಕ ಸೊಪ್ಪಿನ ಕಡೆ ನೋಡಿ, "ಆಹಾ, ಇನ್ನೂ ಹೇಗೆ ನಳನಳಿಸ್ತಾ ಇದೆ!" ಅಂತ ಹಿಗ್ಗಿದಳು. ಕೆಳಗೆ ನೋಡಲೇ ಇಲ್ಲ.

ಮೂರನೆಯ ದಿನ ನಿಂಗಿ ಒಂದು ಕ್ಯಾರೆಟ್ ತಗೊಂಡು ಕಚ್ಚಿದಳು. ಸದ್ದೇ ಬರಲಿಲ್ಲ. ಕ್ಯಾರೆಟ್ ಹಳೇ ಹಗ್ಗದ ಥರ ಬಾಗಿತು.

"ಅವ್ವಾ, ಇದು ಮುರಿಯೋದೇ ಇಲ್ಲ!"

ಮಾಳಕ್ಕ ಓಡಿ ಬಂದಳು. ಒಂದೊಂದನ್ನೇ ಮುಟ್ಟಿ ನೋಡಿದಳು. ಎಲ್ಲಾ ಸುಕ್ಕು, ಎಲ್ಲಾ ಮೆತ್ತಗೆ. "ಅಯ್ಯೋ ದೇವರೇ, ಇನ್ನೂ ಇಪ್ಪತ್ತೇಳು ದಿನ ಇದೆಯಲ್ಲಪ್ಪ, ಮಗೂಗೆ ಏನು ಹಾಕಲಿ?" ಅಂತ ಅಲ್ಲೇ ಕೂತುಬಿಟ್ಟಳು.

ಸೊಪ್ಪಕ್ಕ ಆಗ ತಂಗಿಯ ಕಡೆ ತಿರುಗಿದಳು. "ಏನೇ ಇದು! ನೀರು ಮುಗೀತು ಅಂತ ಒಂದು ಮಾತು ಹೇಳಬಾರದಾಗಿತ್ತಾ?"

"ದಿನಾ ಬಿಸಿಲು ಕೊಟ್ಟು ಸಾಕಿದವಳು ನೀನು" ಅಂದಳು ತಂಗಿ. ಧ್ವನಿಯೇ ಇರಲಿಲ್ಲ ಅವಳಿಗೆ. "ನೀನು ಕೇಳಿದಾಗ ಇಲ್ಲ ಅನ್ನೋದು ಹೇಗೆ?"

ಸೊಪ್ಪಕ್ಕ ಮಾಳಕ್ಕನ ಕಡೆ ತಿರುಗಿದಳು. "ಮಾಳಕ್ಕ, ಅಳೋದು ಸಾಕು. ಕುಡುಗೋಲು ತಗೊಂಡು ಬಾ. ನನ್ನನ್ನು ಕತ್ತರಿಸು" ಅಂದಳು.

"ಬಿಡ್ತು ಅನ್ನು! ಇಷ್ಟು ಹಸಿರಾಗಿರೋ ನಿನ್ನನ್ನಾ?"

"ನಾನು ಹಸಿರಾಗಿರೋದೇ ತಪ್ಪು. ಇವಳು ಬದುಕಿದರೆ ನಿನ್ನ ಮಗಳೂ ಬದುಕ್ತಾಳೆ. ನನ್ನನ್ನು ಮಾತ್ರ ಎಸೀಬೇಡ, ಇವತ್ತಿಗೆ ಪಲ್ಯ ಮಾಡಿ ಮಗೂಗೆ ಬಡಿಸು."

ತಂಗಿ ಬೇಡ ಬೇಡ ಅಂತ ಅತ್ತಳು. ಮಾಳಕ್ಕ ಕಣ್ಣು ಒರೆಸಿಕೊಂಡು, ಕೈ ಮುಗಿದು, ಒಂದೊಂದೇ ಕ್ಯಾರೆಟ್ಟಿನ ಸೊಪ್ಪು ಕತ್ತರಿಸಿದಳು. ಗಡ್ಡೆಯ ನೆತ್ತಿಗೆ ಏಟಾಗದ ಹಾಗೆ ನೋಡಿಕೊಂಡಳು. ಅವತ್ತು ನಿಂಗಿ ಹೊಟ್ಟೆ ತುಂಬ ಸೊಪ್ಪಿನ ಪಲ್ಯ ತಿಂದಳು.

ಇದನ್ನೆಲ್ಲ ಹೊಳೆ ಕೇಳಿಸಿಕೊಳ್ಳುತ್ತಿದ್ದಳು. "ಮಾಳಕ್ಕ, ದಾರಿ ಮುಚ್ಚಿದವಳು ನಾನೇ. ಇಷ್ಟಾದರೂ ಮಾಡದೆ ಇರಲಾ? ದಡದಲ್ಲಿ ನನ್ನ ಒದ್ದೆ ಮರಳಿದೆ, ಬುಟ್ಟಿ ತುಂಬ ತಗೊಂಡು ಹೋಗು. ಅದರೊಳಗೆ ಮಲಗಿಸು ಇವರನ್ನ" ಅಂದಳು.

ಮಾಳಕ್ಕ ಮೂಲೆಯಲ್ಲಿ ಮರಳು ಸುರಿದು, ಕ್ಯಾರೆಟ್ಟುಗಳನ್ನು ಒಂದಕ್ಕೊಂದು ತಾಗದ ಹಾಗೆ ಮಲಗಿಸಿ, ಮೇಲೆ ಮರಳು ಮುಚ್ಚಿದಳು. ಗಾಳಿ ಬಂದ, ಹುಡುಕಿದ, ಯಾರೂ ಸಿಗದೆ ಗೊಣಗುತ್ತಾ ಹೋದ. ಎರಡು ದಿನ ಬಿಟ್ಟು ನಿಂಗಿ ಒಂದನ್ನು ತೆಗೆದು ಕಚ್ಚಿದಳು.

ಕಟುಮ್!

"ಅವ್ವಾ, ಕೇಳಿಸ್ತಾ?" ಅಂದಳು. ಮಾಳಕ್ಕನಿಗೆ ಅಳುನೂ ಬಂತು, ನಗುನೂ ಬಂತು.

ದಿನಾ ಒಂದಷ್ಟು, ದಿನಾ ಒಂದಷ್ಟು ತಿಂದು ತಿಂಗಳು ಕಳೆಯಿತು. ಹೊಳೆ ಇಳಿಯಿತು. ಮರಳಲ್ಲಿ ಒಂದೇ ಒಂದು ಕ್ಯಾರೆಟ್ ಉಳಿದಿತ್ತು. ಮಾಳಕ್ಕ ಅದರ ತಲೆ ಕತ್ತರಿಸಿ ಎಸೆಯೋಕೆ ಹೋದಾಗ ನಿಂಗಿ ಕೈ ಹಿಡಿದುಕೊಂಡಳು.

"ಎಸೀಬೇಡ ಅವ್ವಾ. ಇದರ ಅಕ್ಕ ನಮಗೋಸ್ಕರ ಹೋದಳಲ್ಲ. ಪಾಪ, ತಂಗಿ ಅವಳನ್ನ ಒಂದು ಸಲ ಕರೀಲಿ."

ನಿಂಗಿ ಮಡಕೆ ಚೂರಿನಲ್ಲಿ ಒಂದಿಷ್ಟು ನೀರು ಹಾಕಿ, ತಲೆಯನ್ನು ಅದರಲ್ಲಿ ಕೂರಿಸಿ ಕಿಟಕಿಯಲ್ಲಿಟ್ಟಳು. ತಂಗಿ ನೀರು ಹೀರಿಕೊಂಡು, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು, "ನೀರು ಬಂತು, ತಗೋ ಅಕ್ಕ!"

ಒಂದು ದಿನ ಕೂಗಿದಳು. ಎರಡು ದಿನ, ಮೂರು ದಿನ ಕೂಗಿದಳು. ನಾಲ್ಕನೆಯ ದಿನ ಬೆಳಿಗ್ಗೆ ನೆತ್ತಿಯಿಂದ ಸಣ್ಣದೊಂದು ಧ್ವನಿ ಬಂತು, "ಬಿಸಿಲು ಬಂತು, ತಗೋ ತಂಗಿ!"

ಅದಕ್ಕೇ ಚಾರು, ಕ್ಯಾರೆಟ್ ತಂದ ಕೂಡಲೇ ನಾವು ಸೊಪ್ಪು ಬೇರೆ ಮಾಡೋದು, ಗಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡೋದು, ಸೊಪ್ಪಿಗೆ ಮನಸ್ಸಲ್ಲೇ ಕೈ ಮುಗಿದು ಪಲ್ಯ ಮಾಡೋದು. ಈಗ ಹೋಗಿ ನೋಡು, ಮೊನ್ನೆ ನೀನು ತಟ್ಟೆಯಲ್ಲಿ ನೀರು ಹಾಕಿ ಇಟ್ಟ ಕ್ಯಾರೆಟ್ ತಲೆಯ ಮೇಲೆ ಹಸಿರು ಇಣುಕುತ್ತಾ ಇದೆಯಲ್ಲ, ಅದು ತಂಗಿ ಕರೆದಳು ಅಂತ ಅಕ್ಕ ಬಂದಿರೋದು.