ಕೆಂಚಪ್ಪನ ಮಂಡಿ ನೋವು

ಬಂಡೆಗಳೇ ತುಂಬಿದ್ದ ಒಂದು ಕುರುಚಲು ಕಾಡಿನಲ್ಲಿ ಕೆಂಚಪ್ಪ ಎಂಬ ನರಿ ಇದ್ದ. ದುಡಿಯುವುದೊಂದನ್ನು ಬಿಟ್ಟರೆ ಮಿಕ್ಕೆಲ್ಲದರಲ್ಲೂ ಅವನಿಗೆ ಬಹಳ ಉತ್ಸಾಹ.

ಅದೇ ಕಾಡಿನಲ್ಲಿ ದುರುಗಮ್ಮ ಎಂಬ ಮುದಿ ಕರಡಿ ಇದ್ದಳು. ವಯಸ್ಸಾಗಿ ಅವಳ ಮಂಡಿ ಸವೆದಿತ್ತು. ಗುಡ್ಡ ಹತ್ತಲು ಆಗುತ್ತಿರಲಿಲ್ಲ. ಹಾಗಾಗಿ ಪ್ರಾಣಿಗಳೆಲ್ಲ ಸರದಿಯ ಮೇಲೆ ಅವಳ ಗುಹೆಗೆ ಹಣ್ಣು, ಜೇನು ತಲುಪಿಸುತ್ತಿದ್ದವು. ಇದನ್ನು ಕಂಡು ಕೆಂಚಪ್ಪನಿಗೆ ಕರುಣೆ ಉಕ್ಕಿ ಬಂತು. ತನ್ನ ಮೇಲೆಯೇ.

ಅವನು ಗುಹೆಗೆ ಹೋಗಿ ವಿನಯದಿಂದ ಕುಳಿತ. "ಅಜ್ಜಿ, ಮಂಡಿ ಸವೆದರೆ ಏನಾಗುತ್ತೆ?"

"ಮಂಡಿ ನೋಯುತ್ತೆ, ಆದರೆ ಸುಸ್ತಾಗೋದು ತೊಡೆಗೆ ಮಗಾ" ಎಂದಳು ದುರುಗಮ್ಮ. "ನಿನ್ನ ಕಾಲಲ್ಲಿ ತೊಡೆಯ ಮುಂದಿನ ಸ್ನಾಯು ಬಿಗಿದರೆ ಹಿಂದಿನದು ಸಡಿಲವಾಗುತ್ತೆ. ನನ್ನ ಕಾಲಲ್ಲಿ ಎರಡೂ ಒಟ್ಟಿಗೇ ಬಿಗಿದು ನಿಲ್ಲುತ್ತವೆ, ಮಂಡಿ ಅಲುಗಾಡದಿರಲಿ ಅಂತ. ಹತ್ತು ಹೆಜ್ಜೆ ಇಟ್ಟರೆ ನೂರು ಹೆಜ್ಜೆಯ ಆಯಾಸ."

ಕೆಂಚಪ್ಪನಿಗೆ ಬೇಕಾದದ್ದು ಸಿಕ್ಕಿತು. ಮರುದಿನ ಬೆಳಿಗ್ಗೆಯೇ, ಪಾಪ, ಅವನ ಮಂಡಿ ಸವೆದುಹೋಯಿತು. ಹಿಂಗಾಲನ್ನು ಕೋಲಿನಂತೆ ಸೆಟೆಸಿಕೊಂಡು, ಯಾರಾದರೂ ಎದುರಿಗೆ ಬಂದಾಗ ಮಾತ್ರ ನರಳುತ್ತಾ ನಡೆದ.

"ಈ ವಯಸ್ಸಿಗೇ ಸವೆಯಿತೇ ಕೆಂಚಪ್ಪಣ್ಣ?" ಎಂದು ಮೊಲ ಕೇಳಿತು.

"ಎಲ್ಲರ ಚಿಂತೆ ಹೊತ್ತು ತಿರುಗಿದರೆ ಇನ್ನೇನಾಗುತ್ತೆ" ಎಂದ ಕೆಂಚಪ್ಪ.

ಅಂದಿನಿಂದ ಅವನ ಬಿಲಕ್ಕೂ ಬೋರೆಹಣ್ಣು, ಏಡಿ ಬರತೊಡಗಿದವು. ಏಡಿ ಸಣ್ಣದಾಗಿದ್ದರೆ ನೋವು ಹೆಚ್ಚುತ್ತಿತ್ತು. ತಿನ್ನುವಾಗ ಎದ್ದು ಕೂರುವನು, ತಿಂದ ಮೇಲೆ ಮಲಗುವನು. ವ್ಯಾಯಾಮವೆಂದರೆ ಅಷ್ಟೇ. ಹೀಗೆ ಮೂರು ತಿಂಗಳು ಕಳೆದವು.

ಒಂದು ಮಧ್ಯಾಹ್ನ ಸೀಳುನಾಯಿಗಳ ಹಿಂಡು ಕಾಡಿಗೆ ನುಗ್ಗಿತು. ಪ್ರಾಣಿಗಳೆಲ್ಲ ದಿಕ್ಕಾಪಾಲಾಗಿ ಓಡಿದವು. ಮಂಡಿಯನ್ನು ಆಮೇಲೆ ನೋಡಿಕೊಂಡರಾಯಿತೆಂದು ಕೆಂಚಪ್ಪನೂ ಜಿಗಿದ. ಕಾಲು ಏಳಲಿಲ್ಲ. ಸೆಟೆಸಿ ಸೆಟೆಸಿ ಕಾಲು ಮರಗಟ್ಟಿತ್ತು. ಕೆಲಸವಿಲ್ಲದೆ ತೊಡೆ ಹಗ್ಗದಂತೆ ಸೊರಗಿತ್ತು.

"ನಿಜವಾಗಲೂ ಆಗ್ತಿಲ್ಲ ಮಾರಾಯ, ಎಳೆದುಕೊಂಡು ಹೋಗು" ಎಂದು ಅವನು ಮೊಲವನ್ನು ಬೇಡಿದ.

"ನಿಜವಾಗಲೂ ಅಂದರೆ ಇಷ್ಟು ದಿನದ್ದು ಸುಳ್ಳಾ? ಇವತ್ತು ನರಳಿದ್ದು ಚೆನ್ನಾಗಿದೆ. ಈಗ ಎದ್ದು ಓಡು" ಎನ್ನುತ್ತಾ ಮೊಲ ಜಿಗಿದು ಓಡಿಹೋಯಿತು. ಕೆಂಚಪ್ಪ ತೆವಳಿಕೊಂಡು ಮುಳ್ಳುಪೊದೆಯೊಳಗೆ ಸೇರಿಕೊಂಡ. ಬಾಲದ ಅರ್ಧ ಮಾತ್ರ ಸೀಳುನಾಯಿಯ ಬಾಯಿಗೆ ಸೇರಿತು.

ಆಮೇಲೆ ಅವನು ಎಷ್ಟು ಅತ್ತರೂ ಯಾರೂ ನಂಬಲಿಲ್ಲ. ಏಡಿಯೂ ಬರಲಿಲ್ಲ. ಕೊನೆಗೆ ದುರುಗಮ್ಮನೇ ಬಂದು ಅವನ ತೊಡೆಯನ್ನು ಮುಟ್ಟಿ ನೋಡಿದಳು.

"ನರಳೋದನ್ನ ನಟಿಸಬಹುದು ಮಗಾ, ಸೊರಗಿದ ತೊಡೆಯನ್ನ ನಟಿಸೋಕಾಗಲ್ಲ. ಇದು ನಿಜ. ಏಳು, ನಾನು ದಿನಾ ಹಳ್ಳದವರೆಗೆ ನಡೀತೀನಿ. ನೀನೂ ಬಾ."

"ಮೊದಲು ಏನಾದರೂ ತಿನ್ನೋಕೆ ಸಿಕ್ಕರೆ..."

"ಹಳ್ಳದಲ್ಲಿ ಸಿಗುತ್ತೆ" ಎಂದು ದುರುಗಮ್ಮ ಹೊರಟಳು.

ಮಂಡಿ ಸವೆದ ಮುದುಕಿ ಮುಂದೆ ನಡೆದಳು. ಮಂಡಿ ಗಟ್ಟಿಯಿದ್ದ ಕೆಂಚಪ್ಪ ನಾಲ್ಕು ಹೆಜ್ಜೆಗೊಮ್ಮೆ ಕೂತು, "ಅಜ್ಜಿ, ಸ್ವಲ್ಪ ನಿಧಾನ" ಎಂದು ಕರೆಯುತ್ತಾ ಹಿಂದೆ ಹೋದ.

ನೀತಿ: ಇನ್ನೊಬ್ಬರ ನೋವನ್ನು ನಟಿಸಿ ಸುಖಪಡುವವನು ಆ ನೋವನ್ನು ನಿಜವಾಗಿಯೂ ತಂದುಕೊಂಡು, ಜನರ ನಂಬಿಕೆಯನ್ನೂ ಕಳೆದುಕೊಂಡು ಕೂರುತ್ತಾನೆ.