ಒಳಗಿಳಿಯದ ಅಂಟು

ಹಲ್ಲಿನ ಆಸ್ಪತ್ರೆಯೊಂದರಲ್ಲಿ ಅಂಟಿನ ಹನಿಯೊಂದು ಕಪ್ಪು ಸೀಸೆಯೊಳಗೆ ಬಹುಕಾಲ ಕಾದಿತ್ತು. ನೀಲಿ ಬೆಳಕು ಮುಟ್ಟಿದರೆ ಅಂಟು ಕಲ್ಲಿನಂತೆ ಗಟ್ಟಿಯಾಗುತ್ತದೆಂದು ಕೇಳಿದ ದಿನದಿಂದ ಅದಕ್ಕೆ ಬೆಳಕಿನದೇ ಧ್ಯಾನ. ಕಡೆಗೊಂದು ದಿನ ಕುಂಚ ಅದನ್ನು ಎತ್ತಿ, ಹುಳುಕು ಕೆರೆದು ತೆಗೆದ ದವಡೆ ಹಲ್ಲಿನ ಕುಳಿಗೆ ಸವರಿತು.

"ಬಾರಪ್ಪ," ಎಂದಿತು ಹಲ್ಲು. "ನನ್ನ ಮೈಯಲ್ಲೆಲ್ಲ ಕೂದಲಿಗಿಂತ ಸಣ್ಣ ರಂಧ್ರಗಳಿವೆ. ಒಳಗಿಳಿದು ಬೇರು ಬಿಡು. ಆಮೇಲೆ ನಮ್ಮಿಬ್ಬರನ್ನು ಯಾರೂ ಬಿಡಿಸಲಾರರು."

"ಮತ್ತೆ ಕತ್ತಲೆಗೆ ಇಳಿಯಲೆ? ಸೀಸೆಯಲ್ಲಿ ಇದ್ದದ್ದು ಸಾಲದೆ?" ಎಂದು ಹನಿ ಮೇಲೆಯೇ ಮಿನುಗುತ್ತ ಕೂತಿತು. ಇಪ್ಪತ್ತು ಎಣಿಸುವಷ್ಟು ಹೊತ್ತು ತಿಕ್ಕಿ ಒಳಗಿಳಿಸಲು ಕುಂಚ ಬಂದರೆ, "ಬಿಡು ಮಾರಾಯ, ಸಾಕು" ಎಂದು ಜಾರಿಕೊಂಡು ಬೆಳಕನ್ನು ಕೂಗಿ ಕರೆಯಿತು.

ನೀಲಿ ಬೆಳಕು ಬಗ್ಗಿ ನೋಡಿತು. "ನಾನು ಮುಟ್ಟಿದ ಮೇಲೆ ನೀನು ಇದ್ದಲ್ಲೇ, ಇದ್ದ ಹಾಗೆಯೇ ಇರಬೇಕು. ತಿರುಗಿ ಕರಗಿಸುವುದು ನನಗೆ ಬಾರದು. ಒಳಗೆ ಇಳಿದಿದ್ದೀಯಾ?"

"ಇಳಿದಿದ್ದೇನೆ," ಎಂದು ಹನಿ ಸುಳ್ಳು ಹೇಳಿತು.

ನೋಡನೋಡುತ್ತಲೇ ಅದು ಗಟ್ಟಿಯಾಯಿತು. ಅದರ ಮೇಲೆ ಕುಳಿ ತುಂಬುವ ಹಲ್ಲಿನ ಬಣ್ಣದ ಸಿಮೆಂಟು ಕೂತಿತು. ಮೂರನೆಯ ದಿನ, ಮೊದಲ ಚಕ್ಕುಲಿ ಕಡಿಯುತ್ತಲೇ ಸಿಮೆಂಟು, ಅಂಟು ಎರಡೂ ಕುಳಿಯಿಂದ ಕಿತ್ತು ಬಂದವು.

ನಾಲಿಗೆಯ ಮೇಲೆ ಬಿದ್ದ ಅಂಟು ಅಂಗಲಾಚಿತು: "ತಪ್ಪಾಯಿತು. ಈಗಲಾದರೂ ಒಳಗೆ ಬಿಟ್ಟುಕೋ."

"ಬಾಗಿಲು ಅಂದಿನಂತೆಯೇ ತೆರೆದಿದೆ," ಎಂದಿತು ಹಲ್ಲು, ನೋವಿನಿಂದ. "ಒಳಗಿಳಿಯುವಷ್ಟು ಮೆತ್ತಗೆ ನೀನೇ ಉಳಿದಿಲ್ಲವಲ್ಲಪ್ಪ."