ಲಗ್ನಪತ್ರಿಕೆಯ ನೆತ್ತಿಯ ಮೇಲೆ ದೊಡ್ಡಪ್ಪ

ನಮ್ಮ ಡಿಟಿಪಿ ಅಂಗಡಿಗೆ ಬರುವವರಿಗೆಲ್ಲ ಈಗ ಲಗ್ನಪತ್ರಿಕೆ ಮೊಬೈಲಿನಲ್ಲಿ ಅಲ್ಲಾಡಬೇಕು. ಹೂ ಉದುರಬೇಕು, ದೀಪ ಮಿನುಗಬೇಕು. ಒಂದೇ ಚಿತ್ರವನ್ನು ಚೂರುಚೂರೇ ಬದಲಿಸಿ, ಹತ್ತು ಪ್ರತಿ ಮಾಡಿ, ಸಾಲಾಗಿ ಓಡಿಸುವಷ್ಟರಲ್ಲಿ ನನ್ನ ಕತ್ತು ಹಿಡಿದುಕೊಂಡಿರುತ್ತದೆ.

ಅವತ್ತು ಕಲ್ಲೇಶಪ್ಪನವರು ಮಗಳ ಮದುವೆ ಪತ್ರಿಕೆಗೆ ಬಂದರು. ಜೊತೆಗೆ ಅಣ್ಣ ಪರಮಶಿವಯ್ಯ. ಅಣ್ಣನದು ಒಂದೇ ಹಟ.

"ನನ್ನ ಹೆಸರು ಹುಡುಗ ಹುಡುಗಿಗಿಂತ ಮೇಲಿರಬೇಕು. ಇಲ್ಲದಿದ್ರೆ ಮದುವೆಗೇ ಬರಲ್ಲ."

"ಅಣ್ಣಾ, ಮೇಲೆ ಹಾಕಿದ್ರೂ ಬೀಗರು ನಗ್ತಾರೆ, ನೀನು ಬರದಿದ್ರೂ ನಗ್ತಾರೆ," ಎಂದರು ಕಲ್ಲೇಶಪ್ಪ. ಅಳುವುದೊಂದು ಬಾಕಿ.

"ನಗಲಿ!"

ನನಗೂ ತಲೆ ಕೆಟ್ಟಿತು. "ಆಯ್ತು ಯಜಮಾನ್ರೇ" ಅಂದೆ. ಅವರ ಹೆಸರನ್ನು ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ, ಬಂಡೆಯ ಹಾಗೆ ಅಲ್ಲಾಡದಂತೆ ಕೂರಿಸಿದೆ. ಕೆಳಗೆ ವಧೂವರರ ಹೆಸರುಗಳು ಜೋಕಾಲಿ ಆಡಿದವು. ಅಪ್ಪ ಅಮ್ಮನ ಹೆಸರುಗಳು ಮಿಂಚಿದವು. ಕೊನೆಗೆ "ಊಟ ಮಧ್ಯಾಹ್ನ ಹನ್ನೆರಡಕ್ಕೆ" ಎಂಬ ಸಾಲೂ ಕುಣಿಯಿತು.

ಪರಮಶಿವಯ್ಯ ಹಿಗ್ಗಿ, ಜೆರಾಕ್ಸಿಗೆ ಬಂದಿದ್ದ ಟೀಚರಮ್ಮನಿಗೆ ಮೊಬೈಲು ಹಿಡಿದರು.

"ಅಯ್ಯೋ, ಊಟ ಎಷ್ಟು ಚೆನ್ನಾಗಿ ಕುಣೀತಿದೆ!" ಅಂದರು ಆಕೆ.

"ಮೇಲಿರೋದು ನೋಡಿದ್ರಾ?"

"ಮೇಲೆ ಏನಿದೆ?"

ಪರಮಶಿವಯ್ಯನವರ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದರು. "ಏನಯ್ಯಾ, ನನ್ನದನ್ನೂ ಕುಣಿಸು!"

"ಅಷ್ಟು ಮೇಲೆ ಕುಣಿಸಿದ್ರೆ ತಲೆ ಪರದೆಯಿಂದಾಚೆ ಹೋಗುತ್ತೆ ಯಜಮಾನ್ರೇ. ಕುಣೀಬೇಕಂದ್ರೆ ಕೆಳಗಿಳೀಬೇಕು," ಅಂದೆ. ಶುದ್ಧ ಸುಳ್ಳು.

"ಹಾಗಾದ್ರೆ ಇಳಿಸು, ಬೇಗ! ಆ ಊಟದ ಪಕ್ಕಕ್ಕೇ ಹಾಕು. ಎಲ್ಲರ ಕಣ್ಣೂ ಅಲ್ಲೇ ಇದೆ!"